ಕಾರು ತಾನೇ ಓಡುತ್ತದಂತೆ, ತಪ್ಪು ಮಾತ್ರ ನಿಮ್ಮದಂತೆ!

(ಕನ್ನಡ ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳಲ್ಲಿ ಕಾವೇರಿ, ನಾಮಫಲಕ, ಬ್ಯಾಂಕು, ರೈಲ್ವೆ ಪರೀಕ್ಷೆ ಇವುಗಳ ಮಾತೇ ಹೆಚ್ಚು. ನಾನು ಇವತ್ತು ಕಾರಿನ ಮಾತು ಎತ್ತಿಕೊಂಡಿದ್ದೇನೆ. "ಇವರು ಕನ್ನಡ ಬಿಟ್ಟು ಕಾರು ಹತ್ತಿದರಲ್ಲ" ಎಂದು ಹಿಂದಿನ ಸಾಲಿನವರು ಗೊಣಗಬಹುದು. ಸ್ವಲ್ಪ ತಾಳಿ. ಮಾತು ಮುಗಿಯುವ ಹೊತ್ತಿಗೆ ಈ ಕಾರು ಕನ್ನಡದ ಬಾಗಿಲಿಗೇ ಬಂದು ನಿಲ್ಲುತ್ತದೆ.

ತಾನೇ ಓಡುವ ಕಾರಿನ ಬಗ್ಗೆ ನೀವೆಲ್ಲ ಕೇಳಿದ್ದೀರಿ. ಸ್ಟೀರಿಂಗ್ ತಾನೇ ತಿರುಗುತ್ತದೆ, ಬ್ರೇಕ್ ತಾನೇ ಬೀಳುತ್ತದೆ, ಒಳಗೆ ಕೂತವನು ಪೇಪರ್ ಓದಬಹುದು, ಸಿನಿಮಾ ನೋಡಬಹುದು, ಒಂದು ಗಳಿಗೆ ಕಣ್ಣು ಮುಚ್ಚಬಹುದು. ಕೇಳುವುದಕ್ಕೆ ಎಷ್ಟು ಚೆಂದ! ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಆಯುಷ್ಯ ಸವೆಸುವ ನಮಗಂತೂ ಬಾಯಲ್ಲಿ ನೀರೂರುವ ಮಾತು. ಆದರೆ ನಾನು ಕೇಳಬೇಕೆಂದಿರುವುದು ಒಂದೇ ಪ್ರಶ್ನೆ. ಕೈ ಸ್ಟೀರಿಂಗ್ ಬಿಟ್ಟ ಮೇಲೆ, ಕಣ್ಣು ರಸ್ತೆ ಬಿಟ್ಟ ಮೇಲೆ, ಆ ಕಾರನ್ನು ಓಡಿಸುತ್ತಿರುವವರು ಯಾರು? ಕಾರು ಯಾರಿಗಾದರೂ ಗುದ್ದಿದರೆ ಕೈಕಟ್ಟಿ ನಿಲ್ಲಬೇಕಾದವರು ಯಾರು?

ಡ್ರೈವರೋ, ಕ್ಲೀನರೋ?

ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯೊಂದಿದೆ, ಎಸ್‌ಎಇ ಎಂದು ಹೆಸರು. ಅದು 2014ರಲ್ಲಿ ಈ ಕಾರುಗಳನ್ನು ಸೊನ್ನೆಯಿಂದ ಐದರವರೆಗೆ ವಿಂಗಡಿಸಿತು. ಸೊನ್ನೆ ಎಂದರೆ ಎಲ್ಲವನ್ನೂ ಮನುಷ್ಯನೇ ಮಾಡಬೇಕು. ಐದು ಎಂದರೆ ಎಲ್ಲಿಗೆ ಹೋದರೂ, ಮಳೆಯಿರಲಿ ಬಿಸಿಲಿರಲಿ, ಮನುಷ್ಯನ ಅಗತ್ಯವೇ ಇಲ್ಲ. ಅಂಥ ಐದನೆಯ ಹಂತದ ಕಾರು ಇನ್ನೂ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ನಮಗೆ ಮುಖ್ಯವಾದದ್ದು ನಡುವಿನ ಹಂತಗಳು.

ಎರಡನೆಯ ಹಂತದಲ್ಲಿ ಕಾರು ಸ್ಟೀರಿಂಗನ್ನೂ ವೇಗವನ್ನೂ ತಾನೇ ನೋಡಿಕೊಳ್ಳುತ್ತದೆ. ಮನುಷ್ಯ ರಸ್ತೆಯ ಮೇಲೆ ಕಣ್ಣಿಟ್ಟು ಸುಮ್ಮನೆ ಕೂರಬೇಕು. ಕಾರು ತಪ್ಪು ಮಾಡಿದ ಕ್ಷಣ ಕೈಹಾಕಬೇಕು. ಮೂರನೆಯ ಹಂತದಲ್ಲಿ, ಕಂಪನಿ ಹೇಳಿದ ರಸ್ತೆಯಲ್ಲಿ, ಕಂಪನಿ ಹೇಳಿದ ವೇಗದಲ್ಲಿ ಮನುಷ್ಯ ಬೇರೆ ಕೆಲಸ ಮಾಡಬಹುದು. ಆದರೆ ಕಾರು ಕರೆದಾಗ ತಕ್ಷಣ ಬಂದು ಸ್ಟೀರಿಂಗ್ ಹಿಡಿಯಬೇಕು. ನಾಲ್ಕನೆಯ ಹಂತದಲ್ಲಿ, ಗೊತ್ತುಪಡಿಸಿದ ಊರಿನೊಳಗೆ ಕಾರು ತಾನೇ ಓಡುತ್ತದೆ, ಮನುಷ್ಯ ಬರೀ ಪ್ರಯಾಣಿಕ.

ನಮ್ಮ ಲಾರಿಗಳಲ್ಲಿ ಡ್ರೈವರ್ ಪಕ್ಕ ಕ್ಲೀನರ್ ಕೂರುತ್ತಾನೆ. ರಾತ್ರಿ ಶಿರಾಡಿ ಘಾಟಿಯಲ್ಲಿ ಡ್ರೈವರನಿಗೆ ನಿದ್ದೆ ಬಾರದ ಹಾಗೆ ಮಾತಾಡಿಸುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುವುದು ಅವನ ಕೆಲಸ. ಎರಡನೆಯ ಹಂತದ ಕಾರು ಮಾಡುವುದೇನು ಗೊತ್ತೇ? ಯಂತ್ರವನ್ನು ಡ್ರೈವರ್ ಮಾಡಿ, ದುಡ್ಡು ಕೊಟ್ಟು ಕಾರು ಕೊಂಡ ನಿಮ್ಮನ್ನು ಕ್ಲೀನರ್ ಮಾಡುತ್ತದೆ. ಆದರೆ ಪೊಲೀಸಿನವರು ಬಂದಾಗ ಮಾತ್ರ ನೀವೇ ಡ್ರೈವರ್! ಕ್ಲೀನರ್ ಕೆಲಸ, ಡ್ರೈವರ್ ಹೊಣೆ. ಯಾವ ಲಾರಿ ಮಾಲೀಕನೂ ತನ್ನ ಹುಡುಗನ ಮೇಲೆ ಇಂಥ ಅನ್ಯಾಯ ಹೇರಿರಲಾರ.

ಕಾವಲು ಕೂರುವ ಕಷ್ಟ

"ಸುಮ್ಮನೆ ನೋಡಿಕೊಂಡು ಕೂರುವುದರಲ್ಲಿ ಏನು ಕಷ್ಟ?" ಎಂದು ಕೇಳುವವರು ಒಮ್ಮೆ ಆನೆ ಕಾಟದ ಊರಿನಲ್ಲಿ ರಾತ್ರಿ ಗದ್ದೆ ಕಾಯಲು ಹೋಗಿ ನೋಡಿ. ಅಟ್ಟಣೆಯ ಮೇಲೆ ಕೂತವನು ಸುಮ್ಮನೆ ಕೂರುವುದಿಲ್ಲ. ಕೂಗುತ್ತಾನೆ, ಹಾಡುತ್ತಾನೆ, ಡಬ್ಬ ಬಡಿಯುತ್ತಾನೆ, ಬೀಡಿ ಹಚ್ಚುತ್ತಾನೆ. ಅದು ಆನೆಗೆ ಮಾತ್ರವಲ್ಲ, ತನ್ನ ನಿದ್ದೆಗೂ ಮಾಡುವ ಗದ್ದಲ. ಏನೂ ಆಗದೆ ಇರುವುದನ್ನೇ ನೋಡುತ್ತ ಕೂರುವುದು ಮನುಷ್ಯನ ಮನಸ್ಸಿಗೆ ಒಗ್ಗುವ ಕೆಲಸವಲ್ಲ ಎನ್ನುವುದು ನಮ್ಮ ರೈತನಿಗೆ ಗೊತ್ತಿದೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳಲ್ಲಿ ರೇಡಾರ್ ಮುಂದೆ ಕೂತವರು ಜಲಾಂತರ್ಗಾಮಿಗಳ ಗುರುತನ್ನು ಕಣ್ಣೆದುರೇ ಕಳೆದುಕೊಳ್ಳುತ್ತಿದ್ದರು. ಯಾಕೆ ಎಂದು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷೆ ಮಾಡಿ 1948ರಲ್ಲಿ ಪ್ರಕಟಿಸಿದ. ಅವನು ಗಡಿಯಾರದಂಥ ಒಂದು ಸಾಧನ ಮಾಡಿದ. ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತದೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ. ಅದನ್ನು ಹಿಡಿಯಬೇಕು, ಅಷ್ಟೇ ಕೆಲಸ. ಎರಡು ಗಂಟೆ ಕೂರಿಸಿದ. ಮೊದಲ ಅರ್ಧ ಗಂಟೆ ಮುಗಿಯುತ್ತಿದ್ದಂತೆ ಜನ ಆ ಹಾರಿಕೆಯನ್ನು ಹಿಡಿಯದೆ ಬಿಡುವುದು ಹೆಚ್ಚಾಯಿತು. ಅವರು ಸೋಮಾರಿಗಳಾಗಿರಲಿಲ್ಲ. ತರಬೇತಿ ಪಡೆದ ಸೈನಿಕರೂ ಅವರಲ್ಲಿದ್ದರು.

1983ರಲ್ಲಿ ಲಿಸಾನ್ ಬೈನ್‌ಬ್ರಿಜ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞೆ ಯಂತ್ರಗಳ ಈ ವಿಪರ್ಯಾಸದ ಬಗ್ಗೆ ಒಂದು ಲೇಖನ ಬರೆದಳು. ಅದರ ಸಾರ ಇಷ್ಟು: ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಯಂತ್ರಕ್ಕೆ ಆಗದ ಕಷ್ಟದ ಕೆಲಸವನ್ನು ಮಾತ್ರ ಮನುಷ್ಯನಿಗೆ ಉಳಿಸುತ್ತೀರಿ. ದಿನಾ ಮಾಡದೆ ಅವನ ಕೈ ತುಕ್ಕು ಹಿಡಿದಿರುತ್ತದೆ. ಆಗ ಇದ್ದಕ್ಕಿದ್ದಂತೆ "ಬಾ, ಕಾಪಾಡು" ಎಂದು ಕರೆಯುತ್ತೀರಿ.

ವಿಮಾನದಲ್ಲಿ ಇದು ಆಗಿಹೋಗಿದೆ. 2009ರ ಅಕ್ಟೋಬರ್ 21ರಂದು ಅಮೆರಿಕದ ನಾರ್ತ್‌ವೆಸ್ಟ್ ಕಂಪನಿಯ ವಿಮಾನವೊಂದು ಸ್ಯಾನ್ ಡಿಯಾಗೋದಿಂದ ಮಿನಿಯಾಪೊಲಿಸ್‌ಗೆ ಹೊರಟಿತ್ತು. ಯಂತ್ರ ವಿಮಾನವನ್ನು ಹಾರಿಸುತ್ತಿತ್ತು. ಪೈಲಟ್‌ಗಳಿಬ್ಬರೂ ಲ್ಯಾಪ್‌ಟಾಪ್ ತೆರೆದು ಡ್ಯೂಟಿ ಪಟ್ಟಿ ನೋಡುತ್ತ ಕೂತರು. ಇಳಿಯಬೇಕಾದ ಊರು ದಾಟಿ ಸುಮಾರು 240 ಕಿಲೋಮೀಟರ್ ಮುಂದೆ ಹೋದ ಮೇಲೆ ಎಚ್ಚೆತ್ತರು! ಸಾವಿರಾರು ಗಂಟೆ ಹಾರಿದ ಪೈಲಟ್‌ಗಳ ಕಥೆಯೇ ಹೀಗಾದರೆ, ಆರ್‌ಟಿಒ ಮೈದಾನದಲ್ಲಿ 'ಎಂಟು' ಹಾಕಿ ಲೈಸೆನ್ಸ್ ಪಡೆದ ನಮ್ಮ ಪಾಡೇನು?

ಗೂಗಲ್ ಕಂಪನಿಗೂ ಇದು ಗೊತ್ತಾಯಿತು. 2013ರ ಸುಮಾರಿಗೆ ಅದು ಹೆದ್ದಾರಿಯಲ್ಲಿ ತಾನೇ ಓಡುವ ಕಾರನ್ನು ತನ್ನ ನೌಕರರ ಕೈಗೆ ಕೊಟ್ಟು ನೋಡಿತು. "ಕಣ್ಣು ರಸ್ತೆಯ ಮೇಲಿರಲಿ" ಎಂದು ಹೇಳಿಯೇ ಕೊಟ್ಟಿತ್ತು. ಒಳಗಿನ ಕ್ಯಾಮೆರಾ ತೋರಿಸಿದ್ದೇನು? ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲೂ ಒಬ್ಬರು ಮೇಕಪ್ ಮಾಡಿಕೊಳ್ಳುತ್ತಿದ್ದರು, ಒಬ್ಬರು ಫೋನು ಒತ್ತುತ್ತಿದ್ದರು, ಒಬ್ಬರು ನಿದ್ದೆ ಹೋಗಿದ್ದರು. ಗೂಗಲ್‌ನಿಂದ ಹುಟ್ಟಿದ ವೇಮೋ ಕಂಪನಿಯ ಮುಖ್ಯಸ್ಥ ಜಾನ್ ಕ್ರಾಫ್ಚಿಕ್ ಇದನ್ನು 2017ರಲ್ಲಿ ತಾನೇ ಬಹಿರಂಗವಾಗಿ ಹೇಳಿದ. ಆ ಅರ್ಧಂಬರ್ಧದ ಕಾರನ್ನು ಕಂಪನಿ ಕೈಬಿಟ್ಟು, ಮನುಷ್ಯನ ಕಾವಲೇ ಬೇಡದ ಕಾರಿನ ಕಡೆ ತಿರುಗಿತು. ಕಂಪನಿಯ ಒಳಗಿನವರೇ, ಕ್ಯಾಮೆರಾ ಇದೆ ಎಂದು ತಿಳಿದೂ ಹೀಗೆ ಮಾಡಿದರೆ, ಇದು ಯಾರೋ ಒಬ್ಬರ ಬೇಜವಾಬ್ದಾರಿ ಅಲ್ಲ. ಇದು ಮನುಷ್ಯನ ಸ್ವಭಾವ.

ಬಲಿ ಯಾರು?

ಈ ಸ್ವಭಾವ ಗೊತ್ತಿದ್ದೂ ಕಂಪನಿಗಳು ನಿಲ್ಲಲಿಲ್ಲ. 2016ರ ಮೇ 7ರಂದು ಅಮೆರಿಕದ ಫ್ಲೋರಿಡಾದಲ್ಲಿ 'ಆಟೋಪೈಲಟ್' ಹಾಕಿಕೊಂಡು ಹೋಗುತ್ತಿದ್ದ ಟೆಸ್ಲಾ ಕಾರೊಂದು ರಸ್ತೆಗೆ ಅಡ್ಡ ಬಂದ ಲಾರಿಯ ಟ್ರೇಲರ್ ಕೆಳಗೆ ನುಗ್ಗಿತು. ಒಳಗಿದ್ದಾತ ಸತ್ತ. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿದಾಗ, ಆಟೋಪೈಲಟ್ ಓಡಿದ 37 ನಿಮಿಷಗಳಲ್ಲಿ ಆತನ ಕೈ ಸ್ಟೀರಿಂಗ್ ಮೇಲೆ ಇದ್ದದ್ದು ಬರೀ 25 ಸೆಕೆಂಡು ಎಂದು ತಿಳಿಯಿತು. 37 ನಿಮಿಷ ಕೈಬಿಟ್ಟರೂ ಓಡಲು ಬಿಡುವಂಥ ಕಾರನ್ನು ಕಟ್ಟಿದವರು ಯಾರು?

ಇನ್ನೊಂದು ಕಥೆ ಕೇಳಿ. ಅರಿಜೋನಾ ರಾಜ್ಯದ ಟೆಂಪಿ ಪಟ್ಟಣ, 2018ರ ಮಾರ್ಚ್ 18, ರಾತ್ರಿ ಹತ್ತರ ಹೊತ್ತು. 49 ವರ್ಷದ ಹೆಂಗಸೊಬ್ಬಳು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟ ಸ್ವಯಂಚಾಲಿತ ಕಾರು ಬಂದು ಗುದ್ದಿತು. ಆಕೆ ಸತ್ತಳು. ಸ್ವಯಂಚಾಲಿತ ಕಾರು ಗುದ್ದಿ ಪಾದಚಾರಿಯೊಬ್ಬರು ಸತ್ತ ಮೊದಲ ಘಟನೆ ಅದು.

ಕಾರಿನ ಯಂತ್ರ ಆಕೆಯನ್ನು ಗುದ್ದುವುದಕ್ಕೆ 5.6 ಸೆಕೆಂಡು ಮೊದಲೇ ಕಂಡಿತ್ತು. ಸುಮಾರು 100 ಮೀಟರ್ ದೂರ. ಆದರೆ ಅದು ಏನೆಂದು ಯಂತ್ರಕ್ಕೆ ತಿಳಿಯಲಿಲ್ಲ. ಒಮ್ಮೆ ವಾಹನ ಎಂದುಕೊಂಡಿತು, ಒಮ್ಮೆ ಏನೋ ಬೇರೆ ವಸ್ತು ಎಂದುಕೊಂಡಿತು, ಒಮ್ಮೆ ಸೈಕಲ್ ಎಂದುಕೊಂಡಿತು. ವೋಲ್ವೋ ಕಂಪನಿ ಆ ಕಾರಿಗೆ ಕೊಟ್ಟಿದ್ದ ತುರ್ತು ಬ್ರೇಕನ್ನು ಊಬರ್ ಪರೀಕ್ಷೆಯ ಹೊತ್ತಿನಲ್ಲಿ ನಿಲ್ಲಿಸಿಟ್ಟಿತ್ತು. ಒಳಗೆ ಕಾವಲಿಗೆ ಕೂತ ನೌಕರಳನ್ನು ಎಚ್ಚರಿಸುವ ಏರ್ಪಾಡೂ ಇರಲಿಲ್ಲ. ಮೊದಲು ಕಾರಿಗೆ ಇಬ್ಬರು ಇರುತ್ತಿದ್ದರು, ಕೆಲವು ತಿಂಗಳ ಹಿಂದಷ್ಟೇ ಕಂಪನಿ ಒಬ್ಬರನ್ನು ಇಳಿಸಿತ್ತು. ಉಳಿದ ಒಬ್ಬಾಕೆ ಆ ರಾತ್ರಿ ಮೊಬೈಲ್‌ನಲ್ಲಿ ಟಿವಿ ಕಾರ್ಯಕ್ರಮ ಹಾಕಿಕೊಂಡಿದ್ದಳು.

ಆಕೆ ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಒಂದು ಜೀವ ಹೋಗಿದೆ. ಆದರೆ ಮುಂದೇನಾಯಿತು ನೋಡಿ. ಸುರಕ್ಷತಾ ಮಂಡಳಿ 2019ರಲ್ಲಿ ಕೊಟ್ಟ ವರದಿ ಆಕೆಯ ಗಮನಗೇಡಿತನದ ಜತೆಗೆ ಕಂಪನಿಯ ಸುರಕ್ಷತಾ ಕ್ರಮಗಳನ್ನೂ, ಮೇಲ್ವಿಚಾರಣೆಯ ಕೊರತೆಯನ್ನೂ ಎತ್ತಿ ತೋರಿಸಿತು. ಆದರೂ ಅದೇ ವರ್ಷ ಸರ್ಕಾರಿ ವಕೀಲರು ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದರು. ಕೇಸು ಬಿದ್ದದ್ದು ಸೀಟಿನಲ್ಲಿ ಕೂತವಳ ಮೇಲೆ. 2023ರಲ್ಲಿ ಆಕೆ ತಪ್ಪೊಪ್ಪಿಕೊಂಡು ಮೂರು ವರ್ಷದ ನಿಗಾ ಶಿಕ್ಷೆಗೆ ಒಳಗಾದಳು. ಕಂಪನಿ ಕೈತೊಳೆದುಕೊಂಡಿತು. ಯಂತ್ರ ಕಾಣಲಿಲ್ಲ, ಯಂತ್ರ ಕಟ್ಟಿದವನೂ ಕಾಣಲಿಲ್ಲ. ಕೈಗೆ ಸಿಕ್ಕವಳು ಸಂಬಳದ ಕಾವಲುಗಾರ್ತಿ!

ಹತ್ತು ಸೆಕೆಂಡಿನ ಲೆಕ್ಕ

ಹಾಗಾದರೆ "ಬೇರೆ ಕೆಲಸ ಮಾಡಿ, ಕರೆದಾಗ ಬನ್ನಿ" ಎನ್ನುವ ಮೂರನೆಯ ಹಂತ ವಾಸಿಯೇ? ಒಂದು ರೀತಿಯಲ್ಲಿ ವಾಸಿ. ಅಲ್ಲಿ ಸುಳ್ಳು ಕಡಿಮೆ. ಮನುಷ್ಯ ಬೇರೆ ಕಡೆ ನೋಡುತ್ತಾನೆ ಎಂದು ಮೊದಲೇ ಒಪ್ಪಿಕೊಂಡು ನಿಯಮ ಮಾಡಿದ್ದಾರೆ. ವಿಶ್ವಸಂಸ್ಥೆಯ ವಾಹನ ನಿಯಮ 157 ಎಂಬುದು 2021ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಕಾರು ಕರೆದ ಮೇಲೆ ಸ್ಟೀರಿಂಗ್ ಹಿಡಿಯಲು ಮನುಷ್ಯನಿಗೆ ಕನಿಷ್ಠ 10 ಸೆಕೆಂಡು ಕೊಡಬೇಕು. ಕಾರಿನದೇ ಪರದೆಯಲ್ಲಿ ಸಿನಿಮಾ ಓಡುತ್ತಿದ್ದರೆ ಆ ಕ್ಷಣ ನಿಲ್ಲಬೇಕು. ಆತ ಎಚ್ಚರವಾಗಿದ್ದಾನೋ, ಸೀಟಿನಲ್ಲಿ ಇದ್ದಾನೋ ಎಂದು ಕಾರು ಗಮನಿಸುತ್ತಿರಬೇಕು. ಆತ ಬರದಿದ್ದರೆ ಎಚ್ಚರಿಕೆ ದೀಪ ಹಾಕಿ ತಾನೇ ನಿಲ್ಲಬೇಕು. 2021ರ ಮಾರ್ಚ್‌ನಲ್ಲಿ ಹೋಂಡಾ ಕಂಪನಿ ಜಪಾನಿನಲ್ಲಿ ಇಂಥ 100 ಕಾರುಗಳನ್ನು ಬಾಡಿಗೆ ಕರಾರಿನ ಮೇಲೆ ಬಿಟ್ಟಿತು. ಅದೇ ಡಿಸೆಂಬರ್‌ನಲ್ಲಿ ಮರ್ಸಿಡಿಸ್ ಕಂಪನಿಗೆ ಜರ್ಮನಿಯಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಗಂಟೆಗೆ 60 ಕಿಲೋಮೀಟರ್ ಒಳಗೆ, ಹೆದ್ದಾರಿಯ ದಟ್ಟಣೆಯಲ್ಲಿ ಮಾತ್ರ.

ಹತ್ತು ಸೆಕೆಂಡು ಸಾಕೇ? ಬ್ರಿಟನ್ನಿನ ಸಂಶೋಧಕರಾದ ಎರಿಕ್‌ಸನ್ ಮತ್ತು ಸ್ಟಾಂಟನ್ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅವಸರವಿಲ್ಲದೆ ಕರೆದಾಗ ಜನ ಕಾರನ್ನು ಕೈಗೆ ತೆಗೆದುಕೊಳ್ಳಲು 1.9 ಸೆಕೆಂಡಿನಿಂದ 25.7 ಸೆಕೆಂಡಿನವರೆಗೆ ಹಿಡಿಯಿತು. ಓದುತ್ತ ಕೂತವರಿಗೆ ಇನ್ನಷ್ಟು ಹೊತ್ತು ಬೇಕಾಯಿತು. ಲೆಕ್ಕ ಹಾಕಿ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. 25 ಸೆಕೆಂಡಿಗೆ 700 ಮೀಟರ್! ಕೈ ಬೇಗ ಸ್ಟೀರಿಂಗಿಗೆ ಬರಬಹುದು. ಮನಸ್ಸು ಬರಬೇಕಲ್ಲ? ಎಡಗಡೆ ಯಾರಿದ್ದಾರೆ, ಹಿಂದೆ ಯಾರು ಬರುತ್ತಿದ್ದಾರೆ, ಮುಂದಿನ ಬಸ್ಸು ನಿಂತಿದೆಯೋ ಓಡುತ್ತಿದೆಯೋ, ಇದೆಲ್ಲ ತಲೆಗೆ ಹತ್ತಬೇಕಲ್ಲ? ನಿದ್ದೆಗಣ್ಣಿನಲ್ಲಿ ಎದ್ದವನನ್ನು "ಇದು ಯಾವ ಊರು?" ಎಂದು ಕೇಳಿದ ಹಾಗೆ.

ಹಿಂದಿನ ಸೀಟಿನ ಪಾಡು

ನಾಲ್ಕನೆಯ ಹಂತದ ಕಾರು ಈಗ ಅಮೆರಿಕದ ಕೆಲವು ನಗರಗಳಲ್ಲಿ ಬಾಡಿಗೆಗೆ ಓಡುತ್ತಿದೆ. ವೇಮೋ ಕಂಪನಿ 2020ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಡ್ರೈವರ್ ಸೀಟು ಖಾಲಿಯಿರುವ ಕಾರನ್ನು ಜನರಿಗೆ ತೆರೆಯಿತು. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಎಲ್ಲರಿಗೂ ತೆರೆಯಿತು. ಜನ ಹಿಂದೆ ಕೂತು ನಿದ್ದೆ ಮಾಡುತ್ತಾರೆ, ಆಫೀಸಿನ ಕೆಲಸ ಮಾಡುತ್ತಾರೆ. ಕಾರು ಗೊಂದಲಕ್ಕೆ ಬಿದ್ದರೆ ದೂರದಲ್ಲಿ ಕೂತ ಕಂಪನಿಯ ಸಿಬ್ಬಂದಿ ದಾರಿ ಸೂಚಿಸುತ್ತಾರೆ. ಇಲ್ಲಿ ಲೆಕ್ಕ ಸ್ಪಷ್ಟ. ಪ್ರಯಾಣಿಕ ಪ್ರಯಾಣಿಕನೇ, ಓಡಿಸುವುದು ಕಂಪನಿಯೇ.

ಅಲ್ಲೂ ದೇಹ ತನ್ನ ತಕರಾರು ತೆಗೆಯುತ್ತದೆ. ಆಗುಂಬೆ ಘಾಟಿಯಲ್ಲಿ ಹಿಂದೆ ಕೂತವರೆಲ್ಲ ಕವರ್ ಹಿಡಿದಿದ್ದರೆ ಡ್ರೈವರ್ ಮಾತ್ರ ಆರಾಮಾಗಿ ಇರುತ್ತಾನೆ. ಯಾಕೆ? ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು. ಕಣ್ಣು ಪುಸ್ತಕದಲ್ಲಿ, ಕಿವಿಯೊಳಗಿನ ಸಮತೋಲ ಮಾತ್ರ ತಿರುವಿನಲ್ಲಿ ಆದಾಗ ಹೊಟ್ಟೆ ತೊಳಸುತ್ತದೆ. ಕಾರನ್ನೇ ಆಫೀಸು ಮಾಡುತ್ತೇವೆ ಎನ್ನುವ ಕಂಪನಿಗಳು ಈ ತೊಳಸಿಗೆ ಇನ್ನೂ ಪೂರ್ತಿ ಮದ್ದು ಕಂಡುಹಿಡಿದಿಲ್ಲ.

ಹೆಸರಿನಲ್ಲೇ ಮೋಸ

ಈಗ ಭಾಷೆಯ ಮಾತಿಗೆ ಬರುತ್ತೇನೆ. ಎರಡನೆಯ ಹಂತದ ಕಾರಿಗೆ 'ಆಟೋಪೈಲಟ್' ಎಂದು ಹೆಸರಿಟ್ಟರು. 'ಫುಲ್ ಸೆಲ್ಫ್ ಡ್ರೈವಿಂಗ್', ಅಂದರೆ 'ಪೂರ್ತಿ ತಾನೇ ಓಡುವುದು' ಎಂದು ಇನ್ನೊಂದು ಹೆಸರಿಟ್ಟರು. ಒಳಗೆ ಸಣ್ಣ ಅಕ್ಷರದಲ್ಲಿ "ನೀವು ಗಮನ ಕೊಡಲೇಬೇಕು" ಎಂದು ಬರೆದರು. ದೊಡ್ಡ ಅಕ್ಷರ ಮಾರುವುದಕ್ಕೆ, ಸಣ್ಣ ಅಕ್ಷರ ಕೋರ್ಟಿಗೆ! 2022ರಲ್ಲಿ ಕ್ಯಾಲಿಫೋರ್ನಿಯಾದ ವಾಹನ ಇಲಾಖೆಯೇ ಇದು ದಾರಿ ತಪ್ಪಿಸುವ ಪ್ರಚಾರ ಎಂದು ಟೆಸ್ಲಾ ಮೇಲೆ ದೂರು ಹೂಡಿತು. 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಟೆಸ್ಲಾ ಕಾರುಗಳಲ್ಲಿ ಚಾಲಕನ ಗಮನ ಕಾಯುವ ವ್ಯವಸ್ಥೆಯನ್ನು ಬಿಗಿಮಾಡಬೇಕಾಯಿತು. 2024ರಲ್ಲಿ ಆ ಎರಡನೆಯ ಹೆಸರಿನ ಪಕ್ಕ 'ಮೇಲ್ವಿಚಾರಣೆಯಲ್ಲಿ' ಎಂಬರ್ಥದ ಇಂಗ್ಲಿಷ್ ಪದವೊಂದು ಬಂದು ಕೂತಿತು. ಒಂದು ಪದ ಸರಿಯಾಗಲು ಎಷ್ಟು ವರ್ಷ ನೋಡಿ. ಇಂಗ್ಲಿಷ್ ಬಲ್ಲವರ ದೇಶದಲ್ಲೇ ಇಂಗ್ಲಿಷ್ ಪದ ಜನರನ್ನು ಯಾಮಾರಿಸಿತು.

ಇನ್ನು ನಮ್ಮಲ್ಲಿ? "ಚಾಲಕರಿಲ್ಲದ ಕಾರನ್ನು ಭಾರತಕ್ಕೆ ಬಿಡುವುದಿಲ್ಲ, ಡ್ರೈವರುಗಳ ಕೆಲಸ ಹೋಗುತ್ತದೆ" ಎಂಬರ್ಥದ ಮಾತನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಲ್ಲೂ ಹೇಳಿದರು, 2023ರಲ್ಲೂ ಹೇಳಿದರು. ಒಳ್ಳೆಯದು. ಆದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಪೂರ್ತಿ ಓಡುವ ಕಾರು ಬಂದಿಲ್ಲ, ಅರ್ಧ ಓಡುವ ಕಾರು ಆಗಲೇ ಬಂದಿದೆ. 'ಅಡಾಸ್' ಎಂಬ ಹೆಸರಿನಲ್ಲಿ 2021ರಿಂದೀಚೆಗೆ ನಮ್ಮದೇ ಮಹೀಂದ್ರಾ ಕಾರಿನಲ್ಲೂ ಇದೆ, ಬೇರೆ ಹಲವು ಕಾರುಗಳಲ್ಲೂ ಇದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಇಂಥ ಕಾರುಗಳು ದಿನಾ ಓಡುತ್ತಿವೆ. ಕಾನೂನು ಮಾತ್ರ ಮೊದಲಿನದೇ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಓಡಿಸುವಾಗ ಫೋನು ಹಿಡಿದರೆ ಅದು ಅಪಾಯಕಾರಿ ಚಾಲನೆ. ಸ್ಟೀರಿಂಗ್ ಯಂತ್ರದ ಕೈಯಲ್ಲಿತ್ತು ಎನ್ನುವ ನೆಪ ನಡೆಯುವುದಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕಾರು ಕೊಳ್ಳುವವರು ಮಾಲೀಕರು, ಓಡಿಸುವವನು ಸಂಬಳದ ಡ್ರೈವರ್. ಷೋರೂಮಿನಲ್ಲಿ ಎಸಿ ಹಾಕಿ, ಕಾಫಿ ಕೊಟ್ಟು ವಿವರಿಸುವುದು ಮಾಲೀಕರಿಗೆ. ಡ್ರೈವರನಿಗೆ ಸಿಗುವುದು ಬೀಗದ ಕೈ ಮಾತ್ರ. ಮಂಡ್ಯದಿಂದಲೋ ಚನ್ನರಾಯಪಟ್ಟಣದಿಂದಲೋ ಬಂದು ಬೆಂಗಳೂರಿನಲ್ಲಿ ಕಾರು ಓಡಿಸುವ ಹುಡುಗನ ಮುಂದೆ ಇದ್ದಕ್ಕಿದ್ದಂತೆ ಕೆಂಪು ದೀಪ ಮಿನುಗಿ, ಇಂಗ್ಲಿಷಿನಲ್ಲಿ ಒಂದು ಸಾಲು ಓಡಿದರೆ, ಅವನು ಅದನ್ನು ಓದಿ, ಅರ್ಥ ಮಾಡಿಕೊಂಡು, ಕೈಹಾಕುವಷ್ಟರಲ್ಲಿ ಕಾರು ಎಷ್ಟು ಮೀಟರ್ ಹೋಗಿರುತ್ತದೆ? ಸೆಕೆಂಡಿಗೆ 28 ಮೀಟರ್ ಎಂಬ ಲೆಕ್ಕ ಮರೆಯಬೇಡಿ. ಅಂಗಡಿ ಬೋರ್ಡು ಕನ್ನಡದಲ್ಲಿಲ್ಲದಿದ್ದರೆ ನಮಗೆ ಅವಮಾನ. ಎಚ್ಚರಿಕೆ ಕನ್ನಡದಲ್ಲಿಲ್ಲದಿದ್ದರೆ ನಮ್ಮ ಹುಡುಗನಿಗೆ ಸಾವು, ಇಲ್ಲವೇ ಜೈಲು.

ನಾವು ಕೇಳಬೇಕಾದ್ದು

ಗೆಳೆಯರೇ, ನಾನು ಯಂತ್ರದ ವೈರಿಯಲ್ಲ. ದಣಿದ ಡ್ರೈವರನ ಬದಲು ಸರಿಯಾದ ಹೊತ್ತಿಗೆ ಬ್ರೇಕ್ ಹಾಕುವ ಯಂತ್ರ ಜೀವ ಉಳಿಸುತ್ತದೆ, ಅದು ಬರಲಿ. ಮರ್ಸಿಡಿಸ್, ಬಾಷ್ ಕಂಪನಿಗಳ ದೊಡ್ಡ ತಂತ್ರಾಂಶ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಮೈನಸ್ ಜೀರೋ ಎಂಬ ಬೆಂಗಳೂರಿನ ಕಂಪನಿ 2023ರಲ್ಲಿ ತನ್ನದೇ ಸ್ವಯಂಚಾಲಿತ ವಾಹನವನ್ನು ತೋರಿಸಿತು. ಈ ಸಭೆಯಲ್ಲಿ ಕೂತ ಎಂಜಿನಿಯರ್ ಹುಡುಗ ಹುಡುಗಿಯರಲ್ಲಿ ಕೆಲವರು ನಾಳೆ ಇಂಥ ಕಾರಿನ ತಲೆಯನ್ನೇ ಬರೆಯುವವರು. ಆದ್ದರಿಂದ ಈ ಮಾತು ಕಾರು ಕೊಳ್ಳುವವರಿಗೆ ಮಾತ್ರವಲ್ಲ, ಕಟ್ಟುವವರಿಗೂ.

ನಮ್ಮ ಒತ್ತಾಯ ನಾಲ್ಕು.

ಒಂದು: ಯಾರು ಓಡಿಸುತ್ತಿದ್ದಾರೆ ಎಂಬುದು ಪ್ರತಿ ಕ್ಷಣವೂ ಸ್ಪಷ್ಟವಾಗಿರಬೇಕು. ಕಾರು ಓಡಿಸುವಾಗ ಹೊಣೆ ಕಂಪನಿಯದು. ಬ್ರಿಟನ್ 2024ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿದೆ. ಅದರಂತೆ ಕಾರು ತಾನೇ ಓಡುತ್ತಿದ್ದ ಹೊತ್ತಿನ ಚಾಲನಾ ತಪ್ಪಿಗೆ ಒಳಗೆ ಕೂತವರನ್ನು ಶಿಕ್ಷಿಸುವ ಹಾಗಿಲ್ಲ. ದಾರಿ ತಪ್ಪಿಸುವ ಹೆಸರಿಟ್ಟು ಮಾರುವುದೂ ಆ ಕಾಯ್ದೆಯಲ್ಲಿ ಅಪರಾಧ. ಅದರ ನಿಯಮಗಳು ಹಂತ ಹಂತವಾಗಿ ಬರುತ್ತಿವೆ. ನಮ್ಮಲ್ಲಿ ಅಂಥ ಕಾನೂನಿನ ಚರ್ಚೆ ಕಾರಿಗಿಂತ ಮೊದಲು ಬರಲಿ.

ಎರಡು: ಕರ್ನಾಟಕದಲ್ಲಿ ಮಾರುವ ಕಾರಿನ ಎಚ್ಚರಿಕೆ ಕನ್ನಡದಲ್ಲಿ ಮಾತಾಡಬೇಕು. ಉದ್ದುದ್ದ ಗ್ರಾಂಥಿಕ ಪದ ಬೇಡ. "ಸ್ಟೀರಿಂಗ್ ಹಿಡೀರಿ!" ಎರಡೇ ಮಾತು ಸಾಕು. ಕೈಪಿಡಿಯೂ ಕನ್ನಡದಲ್ಲಿರಬೇಕು. ಷೋರೂಮಿಗೆ ಹೋದಾಗ ಮೈಲೇಜು ಕೇಳುವ ಮೊದಲು ಇದನ್ನು ಕೇಳಿ.

ಮೂರು: ಅಡಾಸ್ ಎಂಬುದನ್ನು 'ಚಾಲನಾ ನೆರವು' ಎಂದೇ ಕರೆಯೋಣ. ನೆರವು ಎಂದರೆ ನೆರವು. ನೆರವಿಗೆ ಬಂದವನ ಕೈಗೆ ಮನೆ ಬಿಟ್ಟು ಹೋಗುವುದಿಲ್ಲ. ಹೆಸರು ಸರಿಯಿದ್ದರೆ ಅರ್ಧ ಅಪಘಾತ ಅಲ್ಲೇ ತಪ್ಪಿತು.

ನಾಲ್ಕು: ಕಾರು ಕೊಟ್ಟ ಮಾಲೀಕರು ತಮ್ಮ ಡ್ರೈವರನಿಗೆ ಅದರ ಗುಣ, ಅವಗುಣ ಎರಡನ್ನೂ ಹೇಳಿಕೊಡಿಸಬೇಕು. ಕಂಪನಿಯವರು ಅವನನ್ನೇ ಕೂರಿಸಿ, ಅವನ ಭಾಷೆಯಲ್ಲಿ ಹೇಳಬೇಕು. ಅವನೂ ಒಬ್ಬರ ಮಗ, ಅವನಿಗೂ ಮನೆಯಿದೆ.

ಅಲ್ಲಿಯವರೆಗೆ? ನಿಮ್ಮ ಕಾರು ಎಷ್ಟೇ ಜಾಣನಾಗಿರಲಿ, ಡ್ರೈವರ್ ಸೀಟಿನಲ್ಲಿ ನೀವಿದ್ದರೆ ಫೋನು ಜೇಬಿನಲ್ಲಿರಲಿ, ಕಣ್ಣು ರಸ್ತೆಯಲ್ಲಿರಲಿ, ಕೈ ಸ್ಟೀರಿಂಗಿನಲ್ಲಿರಲಿ. ಸಿನಿಮಾ ನೋಡಬೇಕೆನಿಸಿದರೆ ಮೆಜೆಸ್ಟಿಕ್‌ಗೆ ಬನ್ನಿ, ಕನ್ನಡ ಚಿತ್ರ ನೋಡಿ. ನಿದ್ದೆ ಬಂದರೆ ಕಾರನ್ನು ಪಕ್ಕಕ್ಕೆ ಹಾಕಿ ಟೀ ಕುಡಿಯಿರಿ. ಯಂತ್ರದ ಮೇಲೆ ಭಾರ ಹಾಕಿ ಕೂತವರ ಬೆನ್ನಿಗೆ ಯಾವ ಕಂಪನಿಯೂ ಬಂದು ನಿಲ್ಲುವುದಿಲ್ಲ. ಟೆಂಪಿಯಲ್ಲಿ ನಿಂತಿರಲಿಲ್ಲ, ತುಮಕೂರಿನಲ್ಲಿ ನಿಲ್ಲುತ್ತದೆಯೇ?

  ಸಿರಿಗನ್ನಡಂ ಗೆಲ್ಗೆ.